ಸ್ವಾಮಿಗಳು ಕೂತ ಸೀಟು

ಶಿವಮಲ್ಲಪ್ಪನವರ ಕಾರಿನಲ್ಲಿ ನಡೆಸುವವರೂ ಸೇರಿ ನಾಲ್ಕು ಜನ ಆರಾಮವಾಗಿ ಕೂರಬಹುದು ಎಂದು ಅದನ್ನು ತಯಾರು ಮಾಡಿದ ಕಂಪನಿಯವರು ನಂಬಿದ್ದರು. ಲಕ್ಷ್ಮೀಪುರಂನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಮೂರೇ ಜನ ಎಂದು ಹೇಳುತ್ತಿದ್ದರು. ಹಿಂದಿನ ಸೀಟಿನ ಎಡಭಾಗ ಸ್ವಾಮಿಗಳದಾಗಿತ್ತು.

ನಾನು ಅವರ ಎದುರು ಮನೆಯ ವಾಗೀಶ. ನನಗೆ ಸ್ವಂತ ಕಾರಿಲ್ಲ, ಆದ್ದರಿಂದ ಕಾರುಗಳ ಬಗ್ಗೆ ನಿಷ್ಪಕ್ಷಪಾತವಾಗಿ ಮಾತಾಡಬಲ್ಲೆ. ಆ ಕಾರು ದಿನಾ ಬೆಳಿಗ್ಗೆ ಬಿಡುತ್ತಿದ್ದ ಹೊಗೆ ನೇರವಾಗಿ ನಮ್ಮ ಜಗಲಿಗೆ ಬಂದು ನನ್ನ ಕಾಫಿಗೆ ಬೀಳುತ್ತಿತ್ತು ಎಂಬುದನ್ನು ಬಿಟ್ಟರೆ ಅದರ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ.

ಸೀಟಿನ ಕಥೆ ಶುರುವಾದದ್ದು ಎಂಬತ್ತಮೂರನೇ ಇಸವಿಯಲ್ಲಿ. ಶಿವಮಲ್ಲಪ್ಪನವರ ಮನೆತನ ನಡೆದುಕೊಳ್ಳುವ ಮಠದ ಸ್ವಾಮಿಗಳು ಮೈಸೂರಿಗೆ ಬರುತ್ತಿದ್ದಾಗ ಅವರ ಜೀಪು ನಂಜನಗೂಡಿನಿಂದಾಚೆ ಕೆಟ್ಟು ನಿಂತಿತು. ಅದೇ ದಾರಿಯಲ್ಲಿ ಬರುತ್ತಿದ್ದ ಶಿವಮಲ್ಲಪ್ಪ ಗುರುಗಳನ್ನು ಬಿಸಿಲಿನಲ್ಲಿ ಕಂಡು ನಡುಗಿಹೋದರು. ಹಿಂದಿನ ಎಡಗಡೆ ಬಾಗಿಲು ತೆಗೆದು, ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ಸೀಟು ಒರೆಸಿ, ಅವರನ್ನು ಕೂರಿಸಿಕೊಂಡು ಮೈಸೂರು ತಲುಪಿಸಿದರು. ದಾರಿಯುದ್ದಕ್ಕೂ ಒಂದು ಸಲವೂ ಹಿಂದೆ ತಿರುಗಲಿಲ್ಲ. ಗುರುಗಳನ್ನು ಕನ್ನಡಿಯಲ್ಲಿ ನೋಡುವುದೂ ಉದ್ಧಟತನವೆಂದು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟಿದ್ದರು. ಹಿಂದಿನಿಂದ ಬರುತ್ತಿದ್ದ ಲಾರಿಗಳು ಅವತ್ತು ಗುರುಕೃಪೆಯಿಂದಲೇ ತಪ್ಪಿಹೋದವು.

ಆ ಸೀಟಿನಲ್ಲಿ ಯಾರೂ ಕೂರಬಾರದು ಎಂದು ಯಾರೂ ಕಟ್ಟಳೆ ಮಾಡಲಿಲ್ಲ. ಮೊದಲು ಗೌರವಕ್ಕೆಂದು ಒಂದು ವಾರ ಖಾಲಿ ಬಿಟ್ಟರು. ಆಮೇಲೆ ಧೂಳು ಬೀಳದಿರಲಿ ಎಂದು ಅವರ ಹೆಂಡತಿ ಮಹದೇವಮ್ಮ ಒಂದು ಕಾವಿ ಬಟ್ಟೆ ಹೊದಿಸಿದರು. ಆಯುಧಪೂಜೆ ಬಂದಾಗ ಬಾನೆಟ್ಟಿಗೆ ಒಂದು ಮಂಗಳಾರತಿ, ಸೀಟಿಗೆ ಬೇರೆ ಮಂಗಳಾರತಿ ಆಯಿತು. ಅಲ್ಲಿಂದ ಮುಂದೆ ಬೀದಿಯ ಮಕ್ಕಳು ಪರೀಕ್ಷೆಗೆ ಹೋಗುವಾಗ ಆ ಸೀಟು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗತೊಡಗಿದರು. ನನ್ನ ಮಗನೂ ಎಸ್ಸೆಸ್ಸೆಲ್ಸಿಗೆ ಹೋಗುವಾಗ ಮುಟ್ಟಿದ್ದ. ಗಣಿತದಲ್ಲಿ ಫೇಲಾದ. ಭಕ್ತಿಯಿಂದ ಮುಟ್ಟಲಿಲ್ಲ ಎಂದು ಬೀದಿಯವರು ತೀರ್ಮಾನಿಸಿದರು.

ಶಿವಮಲ್ಲಪ್ಪನವರ ಒಬ್ಬಳೇ ಮಗಳು ನಿಶ್ಚಿತಾ ಬೆಳೆದದ್ದೆಲ್ಲ ಹಿಂದಿನ ಸೀಟಿನ ಬಲಗಡೆ, ಬಾಗಿಲಿಗೆ ಒತ್ತಿಕೊಂಡು. ಅವಳ ಮದುವೆಯಲ್ಲಿ ಹುಡುಗ ಮುಂದೆ ಕೂತ, ಹುಡುಗಿ ಹಿಂದೆ ಕೂತಳು. ಮಹದೇವಮ್ಮ ವಾದ್ಯದವರ ವ್ಯಾನಿನಲ್ಲಿ ಡೋಲಿನ ಪಕ್ಕ ಕೂತು ಛತ್ರಕ್ಕೆ ಬಂದರು. ಕಾರಿನ ರಿಜಿಸ್ಟ್ರೇಷನ್ ಮತ್ತೆ ಮಾಡಿಸುವಾಗ ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರು, "ಎಷ್ಟು ಸೀಟ್ರೀ?" ಎಂದು ಕೇಳಿದರು.

"ಮೂರು ಸಾರ್," ಎಂದರು ಸತ್ಯವಂತರಾದ ಶಿವಮಲ್ಲಪ್ಪ.

"ಬುಕ್ಕಲ್ಲಿ ನಾಲ್ಕು ಅಂತಿದೆಯಲ್ಲ?"

"ಒಂದು ಸ್ವಾಮಿಗಳದು ಸಾರ್."

ಇನ್‌ಸ್ಪೆಕ್ಟರು ಕಾರಿನೊಳಗೆ ಇಣುಕಿ ನೋಡಿ, ಹಿಂದೆ ಬಂದು, ಬೂಟು ಬಿಚ್ಚಿಟ್ಟು ಮತ್ತೆ ಇಣುಕಿದರು. ಬ್ರೇಕು ನೋಡುವುದು ಮರೆತೇಹೋಯಿತು.

ಹೀಗಿದ್ದ ಕಾರು ತೊಂಬತ್ತೆಂಟನೇ ಇಸವಿಯ ಹೊತ್ತಿಗೆ ಪೂರ್ತಿ ಬಸವಳಿದಿತ್ತು. ಇಳಿಜಾರಿನಲ್ಲಿ ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಮುಂದಿನ ಎಡಗಡೆ ಬಾಗಿಲು ತಾನಾಗಿ ತೆಗೆದುಕೊಳ್ಳುತ್ತಿದ್ದುದರಿಂದ ಅದನ್ನು ಹಗ್ಗದಿಂದ ಕಟ್ಟಿದ್ದರು. ಮಹದೇವಮ್ಮ ಗಂಡನ ಕಡೆಯಿಂದ ಹತ್ತಿ, ಸ್ಟೀರಿಂಗ್ ಕೆಳಗೆ ನುಸುಳಿ, ಸರಿದು ಸರಿದು ತಮ್ಮ ಜಾಗ ಸೇರಬೇಕಿತ್ತು. ಅವರಿಗೆ ಮೊದಲೇ ಮಂಡಿ ನೋವು. ಹಗ್ಗ ಬಿಚ್ಚಿ ಎಂದು ಕೇಳಿದಾಗಲೆಲ್ಲ ಶಿವಮಲ್ಲಪ್ಪ, "ಬಿಚ್ಚಿದ್ರೆ ಮತ್ತೆ ಆ ಗಂಟು ಬೀಳಲ್ಲ ಕಣೇ" ಎನ್ನುತ್ತಿದ್ದರು.

ಶಿವಮಲ್ಲಪ್ಪ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ಆಯುಸ್ಸೆಲ್ಲ ಅಲ್ಲೇ ಕಳೆದು, ಇರುವುದನ್ನು ಎಸೆಯಬಾರದು, ಇಲ್ಲದ್ದನ್ನು ಕೊಳ್ಳಬಾರದು ಎಂಬ ಎರಡೇ ತತ್ವಗಳಿಗೆ ಬಂದು ನಿಂತಿದ್ದರು. ಸಂಜೆಯಾದರೆ ನಮ್ಮ ಜಗಲಿಗೆ ಬರುತ್ತಿದ್ದರು.

"ವಾಗೀಶ್ ಅವ್ರೆ, ರಿಪೇರಿ ಮಾಡಿಸ್ಲೋ, ಹೊಸದು ತಗೊಳ್ಲೋ?"

"ಹೊಸದು ತಗೊಳ್ಳಿ."

"ಅಲ್ಲ, ಇಂಜಿನ್ ಇನ್ನೂ ಗಟ್ಟಿಯಾಗಿದೆ ಕಣ್ರೀ."

"ಹಂಗಾದ್ರೆ ರಿಪೇರಿ ಮಾಡಿಸಿ."

"ಅಲ್ಲ, ಬಾಡಿ ಪೂರ್ತಿ ಹೋಗ್ಬುಟ್ಟಿದೆಯಲ್ಲ."

"ಮಾರ್ಬುಡಿ."

"ಸೀಟು?" ಎಂದು ಅವರು ನನ್ನನ್ನು ಕೊಲೆಗಡುಕನನ್ನು ನೋಡಿದಂತೆ ನೋಡುತ್ತಿದ್ದರು. ಅಲ್ಲಿಗೆ ಆ ದಿನದ ಸಭೆ ಮುಗಿಯುತ್ತಿತ್ತು.

ಆದರೂ ಒಂದು ಸಲ ಹೆಂಡತಿಯ ಒತ್ತಾಯಕ್ಕೆ ಮಾರಲು ಒಪ್ಪಿದರು. ಮಹದೇವಮ್ಮನಿಗೆ ಒಂದು ಮಾರುತಿ ಕೊಳ್ಳಬೇಕೆಂದು ಆಸೆ. ಕಾರು ಕೊಳ್ಳಲು ಬಂದವನು ಮೃತ್ಯುಂಜಯ, ಮೇಟಗಳ್ಳಿಯ ಕಾರ್ಖಾನೆಗಳಿಗೆ ಊಟ ಒದಗಿಸುವ ಕಂಟ್ರಾಕ್ಟರು. ಹೊಗೆ ನೋಡಿದ, ಹಗ್ಗ ನೋಡಿದ, ಎಲ್ಲದಕ್ಕೂ ಪರವಾಗಿಲ್ಲ ಎಂದ. ಇಂಥ ವಿಶಾಲ ಮನಸ್ಸಿನ ಗಿರಾಕಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಒಂದೇ ಒಂದು ಷರತ್ತು," ಎಂದರು ಶಿವಮಲ್ಲಪ್ಪ. "ಹಿಂದುಗಡೆ ಎಡಕ್ಕೆ ಯಾರೂ ಕೂರಂಗಿಲ್ಲ."

"ಯಾರೂ ಕೂರಲ್ಲ ಸಾರ್. ಅಲ್ಲಿ ಮೊಸರಿನ ಕ್ಯಾನು ಇಡ್ತೀನಿ."

"ಮೊಸರಾ?"

"ಬೇಡ್ವಾ? ಹಾಲು?"

ಶಿವಮಲ್ಲಪ್ಪನವರ ಮುಖ ಕೆಂಪಗಾಯಿತು.

"ಬರೀ ಸೊಪ್ಪು ಸಾರ್. ತೊಳೆದ ಸೊಪ್ಪು."

"ಅದು ಸ್ವಾಮಿಗಳು ಕೂತ ಸೀಟು ಕಣ್ರೀ!"

ಮೃತ್ಯುಂಜಯ ಸ್ವಲ್ಪ ಯೋಚಿಸಿ, "ಹಂಗಾದ್ರೆ ಸೀಟು ಬಿಚ್ಚಿ ನೀವೇ ಇಟ್ಕೊಳ್ಳಿ. ಕಾರು ಮಾತ್ರ ಕೊಡಿ," ಎಂದ.

"ಸೀಟಿಲ್ದೆ ಆ ಕಾರಲ್ಲಿ ಇನ್ನೇನ್ರೀ ಇದೆ?" ಎಂದು ಶಿವಮಲ್ಲಪ್ಪ ಆವೇಶದಲ್ಲಿ ಕೇಳಿಬಿಟ್ಟರು. ಮಾರುವವರು ಹೇಳಬಾರದ ಮಾತು ಅದು. ಮೃತ್ಯುಂಜಯ ಕಾರನ್ನು ಇನ್ನೊಮ್ಮೆ ಸುತ್ತಿ ನೋಡಿ, ಹೌದಲ್ಲ ಎನ್ನಿಸಿ, ನಮಸ್ಕಾರ ಹಾಕಿ ಹೊರಟುಹೋದ.

ಇಷ್ಟರಲ್ಲೇ ನರಸೀಪುರದಿಂದ ಬೀಗರು ಚನ್ನಬಸವಯ್ಯನವರ ಫೋನು ಬಂತು. ಅವರು ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಾಗಿರಲಿಲ್ಲ. ಶಿವಮಲ್ಲಪ್ಪ ರಿಸೀವರನ್ನು ಕಿವಿಯಿಂದ ಮೊಳದುದ್ದ ದೂರ ಹಿಡಿದಿದ್ದರು, ಬೀದಿಯವರೆಲ್ಲ ಕೇಳಿಸಿಕೊಂಡೆವು.

"ಬೀಗ್ರೇ! ನಿಶ್ಚಿತಾಗೆ ಏಳು ತುಂಬ್ತು. ಸೀಮಂತಾನೂ ಆಯ್ತು. ಹೆರಿಗೆಗೆ ಕರ್ಕೊಂಡು ಹೋಗೋದಾದ್ರೆ ಈ ಅಮಾವಾಸ್ಯೆ ಒಳಗೆ ಬನ್ನಿ. ಆಮೇಲೆ ನಾವು ಕಳಿಸಕ್ಕಿಲ್ಲ. ಬಾಣಂತನ ಇಲ್ಲೇ!"

"ಬರ್ತೀವಿ ಬೀಗ್ರೇ, ಒಂದು ಟ್ಯಾಕ್ಸಿ ಮಾಡ್ಕೊಂಡು..."

"ಟ್ಯಾಕ್ಸಿನಾ? ಮದ್ವೇಲಿ ಏನಂದ್ರಿ ನೀವು? ನಮ್ಮ ಹುಡ್ಗಿ ಸ್ವಾಮಿಗಳು ಕೂತ ಕಾರು ಬಿಟ್ಟು ಬೇರೆ ಕಾರು ಹತ್ತಿದೋಳಲ್ಲ ಅಂದ್ರಿ! ನಾನೂ ಊರಿಗೆಲ್ಲ ಹೇಳ್ಕೊಂಡಿದ್ದೀನಿ. ಸ್ವಾಮಿಗಳು ಕೂತ ಕಾರಲ್ಲೇ ಬನ್ನಿ. ಇಲ್ಲಾಂದ್ರೆ ಬರ್ಲೇಬೇಡಿ!"

ಮದುವೆಯಲ್ಲಿ ಶಿವಮಲ್ಲಪ್ಪ ಹಾಗೆಂದದ್ದು ನಿಜ. ಊಟದ ಸಾಲಿನಲ್ಲಿ, ಎರಡನೇ ಸಲ ಪಾಯಸ ಬಡಿಸುವಾಗ, ಬೀಗರ ಎದುರು ಸ್ವಲ್ಪ ದೊಡ್ಡವರಾಗಿ ಕಾಣಲು ಅಂದ ಮಾತು. ಹಾಗೆ ಅಂದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದರೆ ಚನ್ನಬಸವಯ್ಯನವರಂತೆ ನೆನಪಿಟ್ಟುಕೊಳ್ಳುವವರು ಕಡಿಮೆ.

ಮಹದೇವಮ್ಮ ಹೆಚ್ಚು ಮಾತಾಡುವ ಹೆಂಗಸಲ್ಲ. ಅವತ್ತು ಬಾಗಿಲಲ್ಲಿ ನಿಂತು, "ಚೊಚ್ಚಲ ಬಾಣಂತನ ತವರಲ್ಲಿ ಆಗ್ದೇ ಇದ್ರೆ ನಾನು ಈ ಬೀದೀಲಿ ತಲೆ ಎತ್ಕೊಂಡು ಓಡಾಡಲ್ಲ," ಎಂದಷ್ಟೇ ಹೇಳಿದರು. ಬಾಣಂತಿಗೆಂದು ಅವರು ಬಿಸಿಲಿಗೆ ಹಾಕಿದ್ದ ಬಜೆ, ಮೆಣಸು, ಕೊಬ್ಬರಿಗಳ ಮೊರ ಜಗಲಿಯ ಮೇಲೆ ಇತ್ತು. ಅದನ್ನು ಎತ್ತಿಕೊಂಡು ಒಳಗೆ ಹೋದರು.

ಹಾಗಾಗಿ ರಿಪೇರಿಯೇ ಗತಿ ಎಂದಾಯಿತು. ಮಾರನೆಯ ದಿನ ಮೆಕ್ಯಾನಿಕ್ ಮೂಗಯ್ಯನನ್ನು ಮನೆಗೇ ಕರೆಸಿದರು. ಮೂಗಯ್ಯ ಕಾರಿನ ಕೆಳಗೆ ತೂರಿ ಬಹಳ ಹೊತ್ತು ಅಲ್ಲೇ ಇದ್ದ. ನಿದ್ದೆ ಹೋದನೇನೋ ಎಂದು ನಾವು ಬಗ್ಗಿ ನೋಡುವಷ್ಟರಲ್ಲಿ ಹೊರಗೆ ಬಂದ.

"ಇಂಜಿನ್ ಬುಡಿ ಸಾರ್, ಎಂಗೋ ಓಡ್ತದೆ. ಫ್ಲೋರು ಪೂರ್ತಿ ತುಕ್ಕಿಡ್ದು ಹೋಗ್ಬುಟ್ಟದೆ. ಇಂದ್ಗಡೆ ಕಾಲಿಟ್ರೆ ರಸ್ತೆಗೇ ಇಡ್ಬೇಕು. ಬಸರಿ ಎಂಗಸ್ನ ಇದ್ರಲ್ಲಿ ಕೂರಿಸ್ತೀರಾ? ಸೀಟೆತ್ತಿ, ತಗಡಾಕಿ, ವೆಲ್ಡಿಂಗ್ ಮಾಡ್ಬೇಕು."

"ಮಾಡಪ್ಪ ಮತ್ತೆ."

ಮೂಗಯ್ಯ ಹಿಂದಿನ ಬಾಗಿಲು ತೆಗೆದ. ಕಾವಿ ಬಟ್ಟೆ ನೋಡಿದ. ವಿಭೂತಿ ನೋಡಿದ. ವಿಷಯ ಕೇಳಿ ತಿಳಿದುಕೊಂಡವನೇ ಚಪ್ಪಲಿ ಬಿಟ್ಟು, ಸ್ಪ್ಯಾನರು ಕೆಳಗಿಟ್ಟು, ಕೈ ಮುಗಿದು ಹಿಂದೆ ಸರಿದ.

"ನಾನ್ ಎತ್ತಕಿಲ್ಲ ಸಾರ್. ಮನೇಲಿ ಚಿಕ್ ಮಕ್ಳವೆ. ನೀವೇ ಎತ್ಕೊಡಿ, ಮಿಕ್ಕಿದ್ದು ನಾನ್ ನೋಡ್ಕೊತೀನಿ."

"ನಾನಾ?" ಎಂದು ಶಿವಮಲ್ಲಪ್ಪ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು.

ಆಗ ಸೀಟು ಎತ್ತುವವರು ಯಾರು ಎಂದು ಬೀದಿಯಲ್ಲಿ ಚರ್ಚೆಯಾಯಿತು. ಪಕ್ಕದ ಮನೆಯ ನಂಜುಂಡಯ್ಯನವರು ಅರಮನೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವ ವಿಷಯ ಎತ್ತಿದರೂ ಅವರ ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು.

"ಅರಮನೇಲಿ ನಾನಿದ್ದಾಗ," ಎಂದರು ಅವರು, "ಹಳೇ ಆಸನಾನ ಎತ್ತೋ ಪದ್ಧತೀನೇ ಇರ್ಲಿಲ್ಲ. ಆಸನ ಅಲ್ಲೇ ಬಿಟ್ಟು ಕೋಣೇನೇ ಬದಲಾಯಿಸ್ತಿದ್ರು."

"ಹಂಗಂದ್ರೆ?"

"ಸೀಟು ಹಂಗೇ ಇರ್ಲಿ. ಸುತ್ತ ಬೇರೆ ಕಾರು ಕಟ್ಟಿಸಿ."

ಶಿವಮಲ್ಲಪ್ಪ ಇದನ್ನೂ ಗಂಭೀರವಾಗಿ ಯೋಚಿಸಿದರು. ಕೊನೆಗೆ ಅವರ ದೃಷ್ಟಿ ನನ್ನ ಮೇಲೆ ಬಿತ್ತು.

"ವಾಗೀಶ್ ಅವ್ರೆ, ನೀವು ನಮ್ಮ ಮಠದೋರಲ್ಲ. ನಿಮಗೆ ದೋಷ ತಟ್ಟಲ್ಲ. ಒಂಚೂರು ಕೈ ಹಾಕ್ತೀರಾ?"

ನಾನು ಉತ್ತರ ಕೊಡುವ ಮೊದಲೇ ನಮ್ಮ ಮನೆಯ ಕಿಟಕಿಯಿಂದ ನನ್ನ ಹೆಂಡತಿ ವೇದವತಿಯ ದನಿ ಬಂತು. "ರೀ, ಇರೋ ನಮ್ಮ ದೇವ್ರುಗಳೇ ಸಾಕಾಗಿದ್ದಾರೆ. ಇನ್ನೊಬ್ರ ಸ್ವಾಮಿಗಳ ಉಸಾಬರಿ ನಮಗ್ಯಾಕೆ? ಒಳಗ್ಬನ್ನಿ."

ನಾನು ಒಳಗೆ ಹೋದೆ. ಮೂಗಯ್ಯ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ಮಹದೇವಮ್ಮ ಬಂದು, "ಸೀಟೆತ್ತೋಕೆ ಅಪ್ಪಣೆ ಬೇಕು ಅಂದ್ರೆ ಹೋಗಿ ಅಪ್ಪಣೆ ಕೇಳ್ಕೊಂಡು ಬನ್ನಿ. ಮಠ ಏನು ಕಾಶೀಲಿದೆಯಾ?" ಎಂದು ಗಂಡನನ್ನು ಕೇಳಿದರು.

ಶಿವಮಲ್ಲಪ್ಪ ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಮಠಕ್ಕೆ ಹೊರಟರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದರು. "ಬುದ್ಧಿ, ತಾವು ಕೂತಿದ್ದ ನಮ್ಮ ಕಾರಿನ ಸೀಟನ್ನ ರಿಪೇರಿಗೋಸ್ಕರ ಎತ್ತಬೇಕಾಗಿದೆ, ಅಪ್ಪಣೆ ಆಗಬೇಕು." ಇಷ್ಟೇ. ಬಸ್ಸಿನ ಕಂಡಕ್ಟರಿಗೂ ಬಾಯಿಗೆ ಬಂದುಹೋಗಿತ್ತು.

ಮಠದಲ್ಲಿ ಜನವೋ ಜನ. ಒಬ್ಬೊಬ್ಬರೇ ಅಡ್ಡಬಿದ್ದು, ಅರ್ಧ ಮಾತು ಹೇಳಿ, ಆಶೀರ್ವಾದ ತೆಗೆದುಕೊಂಡು ಸರಿಯುತ್ತಿದ್ದರು. ನಮ್ಮ ಸರದಿ ಬಂತು. ಶಿವಮಲ್ಲಪ್ಪ ಅಡ್ಡಬಿದ್ದರು. ಎದ್ದಾಗ ಕಣ್ಣಲ್ಲಿ ನೀರು ತುಂಬಿತ್ತು, ಬಾಯಿಪಾಠ ಖಾಲಿಯಾಗಿತ್ತು.

"ಬುದ್ಧಿ... ನಮ್ಮನೇಲಿ... ತಾವು... ಕೂತ್ಕೊಂಡು... ಅಪ್ಪಣೆ..."

ಸ್ವಾಮಿಗಳು ಇಂಥ ಮಾತುಗಳನ್ನು ಬಹಳ ವರ್ಷದಿಂದ ಕೇಳಿಕೊಂಡು ಬಂದವರು. ಭಕ್ತನೊಬ್ಬ ಕಣ್ಣೀರು ತುಂಬಿಕೊಂಡು 'ನಮ್ಮನೇಲಿ, ತಾವು' ಎಂದು ತೊದಲಿದನೆಂದರೆ ಅವನು ಪಾದಪೂಜೆಗೆ ಕರೆಯುತ್ತಿದ್ದಾನೆ ಎಂದೇ ಅರ್ಥ. ಅವರು ನಕ್ಕು, "ಆಗ್ಲಪ್ಪ. ಭಾನುವಾರ ಮೇಟಗಳ್ಳಿಗೆ ಒಂದು ಗೃಹಪ್ರವೇಶಕ್ಕೆ ಬರೋದಿದೆ. ಹಂಗೇ ನಿಮ್ಮನೆಗೂ ಬಂದು ಹೋಗ್ತೀವಿ," ಎಂದು ಕಲ್ಲುಸಕ್ಕರೆ ಕೊಟ್ಟರು. ನಾನು ಬಾಯಿ ತೆರೆಯುವುದರೊಳಗೆ ಹಿಂದಿನವರು ನಮ್ಮನ್ನು ಪಕ್ಕಕ್ಕೆ ತಳ್ಳಿಯಾಗಿತ್ತು.

"ಶಿವಮಲ್ಲಪ್ಪನವರೇ, ಸೀಟಿನ ವಿಷಯ ಹೇಳ್ಲೇ ಇಲ್ವಲ್ಲ?" ಎಂದೆ ಹೊರಗೆ ಬಂದು.

"ಹೇಳ್ಬೇಕಾಗೇ ಇಲ್ಲ ಕಣ್ರೀ. ಅವ್ರಿಗೆ ಎಲ್ಲಾ ಗೊತ್ತು. ಕಾರು ನೋಡಿ ತೀರ್ಮಾನ ಮಾಡೋಕೆ ಅವ್ರೇ ಖುದ್ದಾಗಿ ಬರ್ತಿದ್ದಾರೆ!"

ಹೀಗೆ ಸ್ವಾಮಿಗಳು ಶಿವಮಲ್ಲಪ್ಪನವರ ಕಾರನ್ನು ನೋಡಲು ಬರುತ್ತಾರೆ ಎಂಬ ಸುದ್ದಿ ಲಕ್ಷ್ಮೀಪುರಂ ತುಂಬ ಹಬ್ಬಿತು. ಅಗ್ರಹಾರ ದಾಟುವ ಹೊತ್ತಿಗೆ ಅದು ಬೆಳೆದು, ಸ್ವಾಮಿಗಳು ಕಾರನ್ನು ಮಠಕ್ಕೇ ಒಯ್ಯುತ್ತಾರಂತೆ ಎಂದಾಯಿತು. ಮೃತ್ಯುಂಜಯ ಓಡಿ ಬಂದು, ಹಿಂದೆ ಹೇಳಿದ್ದಕ್ಕಿಂತ ಹೆಚ್ಚಿಗೆ ಕೊಡುತ್ತೇನೆ, ಮೊಸರಿನ ಮಾತು ಎತ್ತುವುದಿಲ್ಲ ಎಂದ. ಹುಡುಗರು ಬೀದಿಗೆ ತೋರಣ ಕಟ್ಟಿದರು. ಕಾರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರಗಳಿಗೆ ಕುಂಕುಮ ಇಟ್ಟರು. ಎಲ್ಲರೂ ಕಾರು ನೋಡುತ್ತಿದ್ದರು. ಮಹದೇವಮ್ಮ ಮಾತ್ರ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಭಾನುವಾರದ ಮಾರನೆಯ ದಿನವೇ ಅಮಾವಾಸ್ಯೆ.

ಭಾನುವಾರ ಬೆಳಿಗ್ಗೆ ಮಠದ ಬಿಳೀ ಅಂಬಾಸಿಡರು ಬಂತು. ಸ್ವಾಮಿಗಳು ಇಳಿದು, ಸಿಂಗಾರಗೊಂಡ ಕಾರಿನ ಪಕ್ಕದಲ್ಲೇ ಹಾದು, ಅದನ್ನು ನೋಡದೆ ಒಳಗೆ ಹೋದರು. ಪಾದಪೂಜೆಯಾಯಿತು, ಪ್ರಸಾದವಾಯಿತು. ಸ್ವಾಮಿಗಳು ಹೊರಗೆ ಬಂದು ತಮ್ಮ ಅಂಬಾಸಿಡರಿನ ಕಡೆಗೆ ನಡೆದರು. ಶಿವಮಲ್ಲಪ್ಪ ಓಡಿಹೋಗಿ ಅಡ್ಡ ನಿಂತರು.

"ಬುದ್ಧಿ, ತಮ್ಮ ಕಾರು..."

"ಅಲ್ಲಿದೆಯಲ್ಲಪ್ಪ."

"ಅದಲ್ಲ ಬುದ್ಧಿ, ಇದು. ಎಂಬತ್ತಮೂರರಲ್ಲಿ... ನಂಜನಗೂಡು... ಜೀಪು..."

ಸ್ವಾಮಿಗಳು ಹಾರಗಳ ನಡುವೆ ಕಾರನ್ನು ಹುಡುಕಿ ದಿಟ್ಟಿಸಿದರು. ಬಹಳ ಹೊತ್ತಾದ ಮೇಲೆ ಅವರ ಮುಖ ಅರಳಿತು.

"ಓ! ಆ ಸ್ಪ್ರಿಂಗಿನ ಕಾರಾ? ಇನ್ನೂ ಇದೆಯಾ ಇದು?"

"ಸ್ಪ್ರಿಂಗಾ ಬುದ್ಧಿ?"

"ಅಯ್ಯೋ, ಏನು ಚುಚ್ತಪ್ಪ ಅದು! ಕೂತು ಐದು ನಿಮಿಷ ಆಗಿಲ್ಲ, ಮೇಲಕ್ಕೆದ್ದು ಬಂತು. ನೀನು ಪಾಪ ಹಿಂದೆ ತಿರುಗ್ಲೇ ಇಲ್ಲ. ನಾವು ಮೆಲ್ಲಗೆ ಆ ಪಕ್ಕಕ್ಕೆ ಸರ್ಕೊಂಡ್ಬುಟ್ವಿ."

"ಯಾವ ಪಕ್ಕಕ್ಕೆ ಬುದ್ಧಿ?" ಶಿವಮಲ್ಲಪ್ಪನವರ ದನಿ ಕೇಳಿಸುತ್ತಲೇ ಇರಲಿಲ್ಲ.

"ಬಲಗಡೆಗೆ. ಮೈಸೂರು ಬರೋವರೆಗೂ ಅಲ್ಲೇ ಕೂತಿದ್ದು."

ವರ್ಷಗಟ್ಟಲೆ ಮಂಗಳಾರತಿ ಆದದ್ದು ಒಂದು ಸ್ಪ್ರಿಂಗಿಗೆ. ನನ್ನ ಮಗನ ಗಣಿತ ನನಗೆ ಆಗ ಅರ್ಥವಾಯಿತು. ಒಮ್ಮೆ ಕಣ್ಣಿನ ಆಸ್ಪತ್ರೆಗೆ ಹೋಗುವಾಗ ಬಲಗಡೆ ಸೀಟಿನಲ್ಲಿ ಕೂತಿದ್ದ ನಂಜುಂಡಯ್ಯನವರು ತಮ್ಮ ಪಂಚೆಯ ಹಿಂಭಾಗವನ್ನು ಮುಟ್ಟಿ ನೋಡಿಕೊಂಡು, "ಅರಮನೇಲಿ ನಾನಿದ್ದಾಗ..." ಎಂದು ಶುರುಮಾಡಿ ಮುಂದೆ ಹೇಳಲಾಗದೆ ನಿಂತರು. ಯಾರೋ ಕಾರಿನೊಳಗೆ ಕೈ ಹಾಕಿ ಕಾವಿ ಬಟ್ಟೆಯನ್ನು ಬಲಕ್ಕೆ ಎಳೆದರು. ಐದು ನಿಮಿಷವಾದರೂ ಎಡಕ್ಕೆ ಕೂತಿದ್ದರಲ್ಲ ಎಂದು ಇನ್ನೊಬ್ಬರು ಎಡಕ್ಕೆ ಎಳೆದರು. ಕೊನೆಗೆ ರಾಜಿಯಾಗಿ ಎರಡೂ ಕಡೆಗೆ ಬರುವಂತೆ ಉದ್ದಕ್ಕೆ ಹಾಸಿದರು.

ಆಗ ಮಹದೇವಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಸೆರಗು ಹೊದ್ದು, ಕೈ ಮುಗಿದು, ಗಂಡ ಮಠದಲ್ಲಿ ಹೇಳಲಾಗದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು.

"ಬುದ್ಧಿ, ಮಗಳು ಬಸುರಿ, ನರಸೀಪುರದಲ್ಲಿದ್ದಾಳೆ. ನಾಳೆ ಅಮಾವಾಸ್ಯೆ. ಇವತ್ತು ಕರ್ಕೊಂಡು ಬರ್ದೇ ಇದ್ರೆ ಬೀಗರು ಕಳ್ಸಲ್ಲ. ಸ್ವಾಮಿಗಳು ಕೂತ ಕಾರಲ್ಲೇ ಬರ್ಬೇಕು ಅಂತ ಅವ್ರ ಹಟ. ಇದ್ರ ಫ್ಲೋರು ಹೋಗಿದೆ. ತಮ್ಮ ಸೀಟು ಅಂತ ಯಾರೂ ಎತ್ತಿ ರಿಪೇರಿ ಮಾಡಲ್ಲ. ಒಬ್ಳೇ ಮಗಳು ಬುದ್ಧಿ, ಚೊಚ್ಚಲು..." ಎಂದು ಅಷ್ಟಕ್ಕೇ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾರಿನ ಗದ್ದಲದಲ್ಲಿ ಆ ಹುಡುಗಿಯನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ನನಗೆ ನಾಚಿಕೆಯಾಯಿತು.

ಸ್ವಾಮಿಗಳು ತಮ್ಮ ಡ್ರೈವರನ್ನು ಕರೆದರು. "ಈ ತಾಯೀನ ನರಸೀಪುರಕ್ಕೆ ಕರ್ಕೊಂಡು ಹೋಗು. ಮಗಳನ್ನ ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗಿಸ್ಕೊಂಡು ನಿಧಾನವಾಗಿ ಬಾ. ನಾವು ದಿನಾ ಕೂರೋ ಕಾರಮ್ಮ ಅದು. ಬೀಗರಿಗೆ ಸಾಲ್ದಾ?"

"ಬುದ್ಧಿ, ತಮ್ಮ ಸೀಟಲ್ಲಿ... ಕಾಲು ಚಾಚಿ..." ಎಂದು ಶಿವಮಲ್ಲಪ್ಪ ಗೋಡೆ ಹಿಡಿದುಕೊಂಡರು.

"ಕೂರೋಕಲ್ದೆ ಸೀಟು ಇನ್ಯಾತಕ್ಕಪ್ಪ?"

ಮಹದೇವಮ್ಮ ಚಪ್ಪಲಿ ಹುಡುಕಲೂ ನಿಲ್ಲಲಿಲ್ಲ. ಬರಿಗಾಲಲ್ಲೇ ಹೋಗಿ ಅಂಬಾಸಿಡರಿನ ಬಾಗಿಲ ಹತ್ತಿರ ನಿಂತರು.

ಈಗ ಸ್ವಾಮಿಗಳು ಮೇಟಗಳ್ಳಿಗೆ ಹೋಗುವುದು ಹೇಗೆ? "ನಿನ್ನ ಕಾರಲ್ಲೇ ಬಿಡಪ್ಪ," ಎಂದರು ಅವರು. "ಆದ್ರೆ ಮುಂದೆ ಕೂರ್ತೀವಿ. ಹಿಂದೆ ಮಾತ್ರ ಬೇಡ."

ಮುಂದಿನ ಬಾಗಿಲಿಗೆ ಹಗ್ಗವಿತ್ತು. "ಚಾಕು! ಚಾಕು!" ಎಂದು ಶಿವಮಲ್ಲಪ್ಪ ಕೂಗಿದರು. ಯಾರೋ ಈಳಿಗೆಮಣೆಯನ್ನೇ ತಂದರು. ಬಿಚ್ಚಿದರೆ ಮತ್ತೆ ಬೀಳದ ಆ ಗಂಟನ್ನು ಶಿವಮಲ್ಲಪ್ಪ ಒಂದೇ ಏಟಿಗೆ ಕತ್ತರಿಸಿಹಾಕಿದರು. ಅಂಬಾಸಿಡರು ಹತ್ತುತ್ತಿದ್ದ ಮಹದೇವಮ್ಮ ತಿರುಗಿ ನಿಂತು ಅದನ್ನು ನೋಡಿದರು. ಆಮೇಲೆ ಹತ್ತಿ ಕೂತರು.

ಸ್ವಾಮಿಗಳು ಮುಂದೆ ಕೂತರು. ಕಾರು ಸ್ಟಾರ್ಟ್ ಆಗಲಿಲ್ಲ. ಬೀದಿಗೆ ಬೀದಿಯೇ ತಳ್ಳಲು ನಿಂತಿತು. ಸ್ವಾಮಿಗಳ ಅಡ್ಡಪಲ್ಲಕ್ಕಿಗೆ ಹೆಗಲು ಕೊಡುವ ಭಾಗ್ಯ ಇಂಥ ಗಲ್ಲಿಯಲ್ಲಿ ಯಾರಿಗೆ ಸಿಕ್ಕೀತು? ಮೂಗಯ್ಯ ತಳ್ಳಿದ, ಮೃತ್ಯುಂಜಯ ತಳ್ಳಿದ, ಪಂಚೆ ಎತ್ತಿ ಕಟ್ಟಿ ನಂಜುಂಡಯ್ಯನವರೂ ತಳ್ಳಿದರು. ನಾನೂ ಒಂದು ಕೈ ಕೊಟ್ಟೆ. ಇಳಿಜಾರಿನಲ್ಲಿ ಕಾರು ಕೆಮ್ಮಿ, ಹಾರಿ, ಹೊರಟಿತು. ನಮ್ಮ ಜಗಲಿಗೆ ಬಂದ ಹೊಗೆಗೆ ವೇದವತಿ ಅವತ್ತು ಕೈ ಮುಗಿದಳು.

ನರಸೀಪುರದಲ್ಲಿ ನಡೆದದ್ದನ್ನು ಆಮೇಲೆ ನಿಶ್ಚಿತಾಳೇ ಹೇಳಿದಳು. ಮಠದ ಕಾರು ಬಾಗಿಲಿಗೆ ಬಂದದ್ದನ್ನು ಕಂಡ ಚನ್ನಬಸವಯ್ಯ ಬರಿಮೈಯಲ್ಲಿ ಓಡಿಬಂದು, ಬೀದಿಯಲ್ಲೇ ಉದ್ದಕ್ಕೆ ಅಡ್ಡಬಿದ್ದರಂತೆ. ಎದ್ದು ನೋಡಿದರೆ ಕಾರಿನಿಂದ ಇಳಿದು ಎದುರಿಗೆ ನಿಂತಿದ್ದವರು ಬೀಗಿತ್ತಿ. ಅಡ್ಡಬಿದ್ದದ್ದನ್ನು ವಾಪಸು ತೆಗೆದುಕೊಳ್ಳಲಾಗದೆ, ಸೊಸೆಯನ್ನು ತಾವೇ ಕೈಹಿಡಿದು ಕಾರು ಹತ್ತಿಸಿ, ಎರಡು ತೆಂಗಿನಕಾಯಿ ಒಡೆದು ಕಳಿಸಿಕೊಟ್ಟರಂತೆ. ಸಂಜೆ ನಿಶ್ಚಿತಾ ತವರಿನ ಹೊಸಿಲು ದಾಟಿದಾಗ ಮಹದೇವಮ್ಮ ಆರತಿ ಎತ್ತಿದರು. ಬಲಗಡೆ ಸೀಟಿನ ಸುದ್ದಿ ಕೇಳಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಶಿವಮಲ್ಲಪ್ಪ ಹಳೇ ಕಾರಿನಲ್ಲಿ ಮೇಟಗಳ್ಳಿಯಿಂದ ಒಬ್ಬರೇ ಗೆದ್ದು ಬಂದಂತೆ ಬಂದರು. ಮರುದಿನ ಬೆಳಿಗ್ಗೆ ನಮ್ಮ ಜಗಲಿಗೂ ಬಂದರು.

"ವಾಗೀಶ್ ಅವ್ರೆ, ತೀರ್ಮಾನ ಆಗೋಯ್ತು. ಸ್ವಾಮಿಗಳು ಎರಡನೇ ಸಲ ಕೂತಿದ್ದಾರೆ. ಇನ್ನು ಮಾರೋ ಮಾತೇ ಇಲ್ಲ. ಹೊಸದೂ ಬೇಡ, ಏನೂ ಬೇಡ. ಇದನ್ನೇ ರಿಪೇರಿ ಮಾಡಿಸಿ ಎಲ್ಲಾರೂ ಇದ್ರಲ್ಲೇ..."

ಅಷ್ಟರಲ್ಲಿ ಮಹದೇವಮ್ಮ ಮನೆಯಿಂದ ಹೊರಗೆ ಬಂದರು. ಕೈಯಲ್ಲಿ ಹೊಸ ಕಾವಿ ಬಟ್ಟೆ. ಕಾರಿನ ಮುಂದಿನ ಬಾಗಿಲು ತೆಗೆದು, ಅದನ್ನು ಸೀಟಿನ ಮೇಲೆ ಸುಕ್ಕಿಲ್ಲದಂತೆ ಹಾಸಿ, ವಿಭೂತಿ ಇಟ್ಟು, ಬಾಗಿಲು ಹಾಕಿ, ಹೊಸ ಹಗ್ಗದಿಂದ ಬಿಗಿಯಾಗಿ ಕಟ್ಟಿದರು. ಗಂಟು ಚೆನ್ನಾಗಿಯೇ ಬಿತ್ತು.

"ಏನೇ ಮಾಡ್ತಿದ್ದೀಯ?" ಎಂದರು ಶಿವಮಲ್ಲಪ್ಪ ರಸ್ತೆ ದಾಟಿ ಹೋಗಿ.

"ನಿನ್ನೆ ಸ್ವಾಮಿಗಳು ಕೂತಿದ್ದು ಇಲ್ಲೇ ತಾನೆ?"

"ಹೌದು."

"ಇನ್ಮೇಲೆ ಇದ್ರ ಮೇಲೆ ನಾನು ಕೂರಬಹುದಾ?"

"ಎಲ್ಲಾದ್ರೂ ಉಂಟಾ! ತಪ್ಪು."

"ಹಿಂದೆ ಬಲಗಡೆ?"

"ಅದಂತೂ... ತಪ್ಪೇ."

"ಎಡಗಡೆ?"

ಶಿವಮಲ್ಲಪ್ಪ ಬಗ್ಗಿ, ಹಿಂದೆ ಉದ್ದಕ್ಕೆ ಹಾಸಿದ್ದ ಕಾವಿ ಬಟ್ಟೆಯನ್ನು ನೋಡಿದರು.

"ಅಂದ್ಮೇಲೆ ನಾನು, ಮಗಳು, ನಾಳೆ ಹುಟ್ಟೋ ಮಗು, ನಾವೆಲ್ಲಾ ಎಲ್ಲಿ ಕೂರೋಣ ಹೇಳಿ," ಎಂದು ಮಹದೇವಮ್ಮ ಶಾಂತವಾಗಿ ಕೇಳಿ, ಉತ್ತರಕ್ಕೆ ಕಾಯದೆ ಬಾಣಂತಿ ಲೇಹ್ಯ ಕೆದಕಲು ಒಳಗೆ ಹೋದರು.

ಮೊಮ್ಮಗಳ ನಾಮಕರಣಕ್ಕೆ ಮೊದಲೇ ಮಾರುತಿ ಬಂತು. ಅದರಲ್ಲಿ ಎಲ್ಲರೂ ಎಲ್ಲಿ ಬೇಕೆಂದರಲ್ಲಿ ಕೂರುತ್ತಾರೆ. ಮಠದ ಕಡೆಯವರು ಯಾರಾದರೂ ದಾರಿಯಲ್ಲಿ ಕೈ ಅಡ್ಡ ಹಿಡಿದರೆ ಮಾತ್ರ ಮಹದೇವಮ್ಮ, "ನಿಲ್ಲಿಸ್ಬೇಡಿ, ಮುಂದಕ್ಕೆ ಹೋಗ್ರೀ" ಎನ್ನುತ್ತಾರಂತೆ. ಹಳೇ ಕಾರು ಈಗಲೂ ಮನೆಯ ಮುಂದೆ ಇದೆ. ಭಾನುವಾರ ನಾವೆಲ್ಲ ಸೇರಿ ತಳ್ಳಿಕೊಟ್ಟರೆ ಶಿವಮಲ್ಲಪ್ಪ ಅದರಲ್ಲಿ ಒಬ್ಬರೇ ಒಂದು ಸುತ್ತು ಹೋಗಿ ಬರುತ್ತಾರೆ. ಆ ಕಾರಿನಲ್ಲಿ ಈಗ ಒಬ್ಬರು ಮಾತ್ರ ಕೂರಬಹುದು. ಸ್ವಾಮಿಗಳಿಗೆ ಕಾರು ಓಡಿಸಲು ಬರುವುದಿಲ್ಲ ಎಂಬುದೇ ಶಿವಮಲ್ಲಪ್ಪನವರ ಪುಣ್ಯ.